ಮೀಸೆ ಮಣ್ಣಾದವನಿಗೆ ಕಡಗ

ಮುಂಜಾನೆ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ನಿಮಗೆ ಹಸಿವಾಗಬಹುದು. ನನಗೆ ಮಾತ್ರ, ನಮ್ಮೂರು ತಾಂಬಾದಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ದಸ್ತಗೀರ ಮಾಮಾ ನೆನಪಾಗುತ್ತಾನೆ. ಪಲ್ಟಣದಿಂದ ಊರಿಗೆ ಮರಳಿದ ಮೇಲೆ ಅವನು ಹಿತ್ತಲ ಬೇವಿನ ಕೊಂಬೆಗೆ ಉಸುಕು ತುಂಬಿದ ಚೀಲ ತೂಗುಹಾಕಿ, ಮುಷ್ಟಿಗೆ ಹಳೆಯ ಧೋತರದ ತುಂಡು ಸುತ್ತಿಕೊಂಡು, ಬೆವರಿನಲ್ಲಿ ಮೀಯುವವರೆಗೂ ಗುದ್ದುತ್ತಿದ್ದ. ಇತ್ತ ಅವ್ವ ರೊಟ್ಟಿ ಬಡಿಯುವಳು, ಅತ್ತ ಅವನು ಚೀಲ ಬಡಿಯುವನು. ಸೈನ್ಯದ ಬಾಕ್ಸಿಂಗಿನಲ್ಲಿ ತನ್ನ ತೂಕದವರನ್ನೆಲ್ಲ ಕೆಡವಿ ಪಟ್ಟ ಗೆದ್ದು ಬಂದವನು ಈತನೆಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದು ಏನು ಬಂತು? ಆ ಚೀಲ ಅವನಿಗೇನು ಅನ್ಯಾಯ ಮಾಡಿತ್ತೋ ಎಂದು ಜನ ನಗುತ್ತಿದ್ದರು.

ನಾನು ಅರಿವೆ ಮಾರುವವನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಸಂತೆಯಿಂದ ಸಂತೆಗೆ ಗಂಟು ಹೊತ್ತು ತಿರುಗುವವನಿಗೆ ಬಟ್ಟೆ ಹರಿಯುವುದಕ್ಕಿಂತ ಹೆಚ್ಚಾಗಿ ಮಾತು ಕೇಳುವುದೇ ಉದ್ಯೋಗ. ಸಿಂದಗಿಯಲ್ಲಿ ಹೊಸ ಗರಡಿಮನೆ ಕಟ್ಟಿದರಲ್ಲ, ಅದರ ಗೋಡೆಗೆ ಈ ನಾಲ್ಕೂ ತಾಲೂಕಿನ ಸರ್ವಕಾಲದ ಗಟ್ಟಿಗರ ಫೋಟೋ ಹಾಕುತ್ತಾರೆಂಬ ಸುದ್ದಿ ಬಾಗೇವಾಡಿ ಸಂತೆಗೂ ಬಂತು. ನಾನು ದಸ್ತಗೀರ ಮಾಮಾನ ಹೆಸರೆತ್ತಿದೆ. ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರು ಬಸಿಯಿಂದ ಮುಖ ಎತ್ತದೆ, "ಅಂವಾ ಸೋತಾಂವ ಬಿಡೋ ತಮ್ಮಾ" ಎಂದರು. ಮೈಯೆಲ್ಲ ಉರಿದುಹೋಯಿತು. ಸೋತದ್ದು ಹೇಗೆಂದು ಹೇಳುತ್ತೇನೆ, ಕೇಳಿ. ಆಮೇಲೆ ನೀವೇ ನ್ಯಾಯ ಹೇಳಿ.

ನಾವಿನ್ನೂ ಮುಂಬಯಿ ಸರಕಾರದ ಕೆಳಗಿದ್ದ ಕಾಲ. ಮುದ್ದೇಬಿಹಾಳದ ಸಂಗಪ್ಪನೆಂಬ ಜಟ್ಟಿ ಆಗ ಎದುರಾಳಿಗಳೇ ಇಲ್ಲದೆ ಮೆರೆಯುತ್ತಿದ್ದ. ಅವನಿಗೂ ಮಾಮಾನಿಗೂ ಸಿಂದಗಿಯ ಕಣದಲ್ಲಿ ಜೋಡಿ ಹಚ್ಚಿದರು. ಇವನು ಗುದ್ದಬಹುದು, ಅವನು ಹಿಡಿಯಬಹುದು ಎಂದು ಕರಾರಾಯಿತು. ಗೆಲುವೆಂದರೆ ಯಾವುದು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಕೇಳುವುದೇನಿದೆ? ಬೆನ್ನಿಗೆ ಮಣ್ಣು ಹತ್ತಿದವನು ಸೋತ ಎಂಬುದು ನಮ್ಮಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಕಾಯಿದೆ. ಜಗತ್ತಿನಲ್ಲಿ ಬೇರೆ ಕಾಯಿದೆಯ ಆಟವೂ ಇದೆಯೆಂದು ನಮಗೆ ಹೊಳೆಯಲೇ ಇಲ್ಲ.

ಸಂಗಪ್ಪ ತೊಡೆ ತಟ್ಟಿ ಮೈಮೇಲೆ ಬಂದ. ಮಾಮಾ ಪಕ್ಕಕ್ಕೆ ಸರಿದು ಗದ್ದಕ್ಕೆ ಒಂದೇ ಒಂದು ಬಿಟ್ಟ. ಅಂಥ ಆಳು ಮುಖ ಕೆಳಗಾಗಿ ಕೆಮ್ಮಣ್ಣಿನಲ್ಲಿ ಬಿದ್ದವನು ಮಿಸುಕಲಿಲ್ಲ. ಹಲಗೆ ಬಾರಿಸುವವರ ಕೈ ನಿಂತಿತು. ಮೂಗಿಗೆ ಮಣ್ಣು ಮೆತ್ತಿ ಉಸಿರು ಕಟ್ಟೀತೆಂದು ಹೆದರಿದ ಮಾಮಾ ಅವನ ಬಗಲಿಗೆ ಕೈಹಾಕಿ ಎತ್ತಲು ಹೋದ. ಎಣ್ಣೆ ಮೈ ಜಾರಿತು. ಮಾಮಾ ಅಂಗಾತ ಬಿದ್ದ, ಅವನೆದೆಯ ಮೇಲೆ ಎಚ್ಚರವಿಲ್ಲದ ಸಂಗಪ್ಪ ಬಿದ್ದ. ತೀರ್ಪು ಹೇಳಲು ಕೂತಿದ್ದ ಪಂಚರು ಎದ್ದು ನಿಂತು, "ದಸ್ತಗೀರನ ಬೆನ್ನಿಗೆ ಮಣ್ಣ ಹತ್ತೇತಿ, ಸಂಗಪ್ಪ ಗೆದ್ದ" ಎಂದು ಸಾರಿದರು. ಬೆಳ್ಳಿಯ ಕಡಗವನ್ನು ತಂದು ಆ ಪ್ರಜ್ಞೆಯಿಲ್ಲದ ಕೈಗೆ ತೊಡಿಸಿಯೇಬಿಟ್ಟರು.

ಇದರಲ್ಲಿ ಜಾತಿಯ ಮಾತಿಲ್ಲ. ಪಂಚರಲ್ಲಿ ಮಾಮಾನ ಓಣಿಯ ಹಿರಿಯರೂ ಇದ್ದರು, ಅವರೂ ಗೋಣು ಹಾಕಿದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಸೋತವರನ್ನು ಅಣಕಿಸುತ್ತೇವಲ್ಲ, ಇಲ್ಲಿ ಜಟ್ಟಿಯ ಮೀಸೆ, ಹುಬ್ಬು, ಹಲ್ಲಿನ ಸಂದು ಎಲ್ಲ ಮಣ್ಣಾಗಿದ್ದವು. ಆದರೆ ಬೆನ್ನು ಸ್ವಚ್ಛವಾಗಿತ್ತು ನೋಡಿ, ಅಷ್ಟು ಸಾಕಾಯಿತು. ಊರಲ್ಲಿ ಒಂದೇ ಕುಸ್ತಿ ಆಡಿದವನು ಸರ್ವಕಾಲದ ಗಟ್ಟಿಗ ಹೇಗಾದಾನು ಎಂದು ನೀವು ಕೇಳಬಹುದು. ಪಲ್ಟಣದಲ್ಲಿ ಅವನು ಗೆದ್ದದ್ದು ನಾವು ಕಾಣದಿದ್ದರೆ ಗೆಲುವಲ್ಲವೇ? ನಮ್ಮ ಅಳತೆಗೋಲಿಗೆ ಹೊಂದದ ಬಟ್ಟೆಯನ್ನು ಬಟ್ಟೆಯೇ ಅಲ್ಲವೆಂದರೆ ನನ್ನ ವ್ಯಾಪಾರ ಎಂದೋ ಮುಚ್ಚಬೇಕಿತ್ತು. ಗೆದ್ದ ಗಳಿಗೆಯಲ್ಲಿ ಕೈಯೆತ್ತಿ ಕುಣಿಯುವ ಬದಲು ಬಿದ್ದವನ ಉಸಿರಿನ ಚಿಂತೆ ಮಾಡಿದವನು ದೊಡ್ಡವನಲ್ಲದಿದ್ದರೆ, ಆ ಗೋಡೆಯ ಮೇಲೆ ಯಾರ ಚಿತ್ರ ತೂಗಿದರೂ ನಾನು ತಲೆಬಾಗುವುದಿಲ್ಲ.

ಗರಡಿಮನೆಯ ಕಾರ್ಯಕ್ರಮಕ್ಕೆ ಹೋಗಿದ್ದೆ. ಮಾಮಾನೂ ಬಂದು ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ. ಸಂಗಪ್ಪನ ಫೋಟೋ ಗೋಡೆಗೆ ತೂಗುಹಾಕಿ, ಅವನ ಕೊರಳಿಗೆ ಹಾರ ಹಾಕಿ, ದಸ್ತಗೀರನಂಥವನನ್ನು ಹೇಗೆ ಗೆದ್ದಿರಿ, ಹುಡುಗರಿಗೆ ಹೇಳಿರಿ ಎಂದು ಕೇಳಿದರು. ಸಂಗಪ್ಪ ತಲೆ ಕೆರೆದುಕೊಂಡ. "ನನಗೇನ ಗೊತ್ತರಿ? ಎಚ್ಚರಾದಾಗ ಕಡಗ ಕೈಯಾಗಿತ್ತು." ಜನ ಬಿದ್ದು ಬಿದ್ದು ನಕ್ಕರು. ಅವನು ನಗಲಿಲ್ಲ. ಕಡಗ ಕಳಚಿ, ಜನರನ್ನು ಸರಿಸಿಕೊಂಡು ಕಂಬದ ಬಳಿಗೆ ಹೋಗಿ ಚಾಚಿದ.

ಮಾಮಾ ಕೈ ಹಿಂದಕ್ಕೆ ಕಟ್ಟಿಕೊಂಡ. "ನಾ ಸೋತೇನಂತ ಪಂಚರು ಹೇಳ್ಯಾರ, ಸಂಗಣ್ಣ. ಗೆದ್ದೇನಂತ ಅವರ ಬಾಯಿಲೇನ ಹೇಳ್ಲಿ. ಆಮ್ಯಾಲ ಕೊಡು, ಹಾಕ್ಕೋತೇನಿ."

ಪಂಚರೆಲ್ಲ ಎದುರಿಗೇ ಕುಳಿತಿದ್ದರು. ಒಬ್ಬರು ಎಲೆಗೆ ಸುಣ್ಣ ಹಚ್ಚತೊಡಗಿದರು, ಇನ್ನೊಬ್ಬರಿಗೆ ಬಸ್ಸು ನೆನಪಾಯಿತು. ಮಾಮಾ ಬಹಳ ಹೊತ್ತು ಕಾದು ನಿಂತ. ಕೊನೆಗೆ ಚಪ್ಪಲಿ ಮೆಟ್ಟಿ ಹೊರಟುಹೋದ. ಸಂಗಪ್ಪ ಆ ಕಡಗವನ್ನು ಅಂದಿನಿಂದ ತೊಟ್ಟಿಲ್ಲ.

ಆ ಪಂಚರಲ್ಲಿ ಒಬ್ಬರು ಈ ಬೇಸಿಗೆಯಲ್ಲಿ ತೀರಿಕೊಂಡರು. ಉಳಿದವರಿಗೂ ವಯಸ್ಸಾಗಿದೆ, ಮಾಮಾನ ಗಡ್ಡವೂ ನರೆತಿದೆ. ಹೇಳುವುದಿದ್ದರೆ ಬೇಗ ಹೇಳಲಿ.