ತೊಟ್ಟಿಲಿಗೆ ಬಂದ ಟೇಲರ್

ಕಳೆದ ವಾರ ನಮ್ಮ ಮನೆಯ ತೊಟ್ಟಿಲಲ್ಲಿ ಒಬ್ಬ ಟೇಲರ್ ಮಲಗಬೇಕಿತ್ತು. ಸ್ವಲ್ಪದರಲ್ಲಿ ತಪ್ಪಿತು.

ಕೊಟ್ಟೂರಿನಲ್ಲಿ ತಮ್ಮನ ಮಗಳಿಗೆ ಹೆಸರಿಡುವ ದಿನ. ಕೂಸಿನ ಕಿವಿಯಲ್ಲಿ ಹೆಸರು ಕೂಗುವ ಹಕ್ಕು ಸೋದರತ್ತೆಯಾದ ನನ್ನದು. (ಜೊತೆಗೆ ಒಂದು ಸೀರೆಯ ಹಕ್ಕೂ ಇದೆ, ಅದಿರಲಿ.) ಏನೆಂದು ಕೂಗಲಿ ಎಂದು ತಮ್ಮನ ಹೆಂಡತಿ ಸುಷ್ಮಾಳನ್ನು ಕೇಳಿದೆ. ಮೊಬೈಲ್ ತೋರಿಸಿದಳು.

"ಟೇಲರ್ ಅಂತ, ಅಕ್ಕಾ. ವೈ ಹಾಕಿ ಬರಿಯೂದು."

ಅದು ಇಂಗ್ಲಿಷರ ಅಡ್ಡಹೆಸರು. ಮೂಲದಲ್ಲಿ ‘ಕತ್ತರಿಸುವವನು’ ಎನ್ನುವ ಹಳೆಯ ಫ್ರೆಂಚ್ ಪದವಂತೆ. ಅಲ್ಲಿನ ದರ್ಜಿಗಳಿಗೆ ಅಂಟಿಕೊಂಡಿತು. ಮಕ್ಕಳು ಮೊಮ್ಮಕ್ಕಳು ಸೂಜಿ ಬಿಟ್ಟರೂ ಹೆಸರು ಬಿಡಲಿಲ್ಲ. (ನಮ್ಮಲ್ಲಿ ಬಡಿಗೇರ, ಕಂಬಾರ, ಪತ್ತಾರ ಇಲ್ಲವೇ?) ಈಗ ಹುಡುಗನಿಗೂ ಅದೇ, ಹುಡುಗಿಗೂ ಅದೇ. ಯಾರೋ ನಾಯಿಗೂ ಇಟ್ಟಿದ್ದಾರಂತೆ.

"ಮಾವಾರೂ ಟೇಲರ್ ಆಗಿದ್ರಲ್ಲ? ಅವರ ನೆನಪೂ ಆತು, ಮಾಡರ್ನೂ ಆತು," ಎಂದಳು ಸುಷ್ಮಾ.

ಅಪ್ಪ ತೀರಿಕೊಂಡು ಎರಡು ವರ್ಷ. ಊರಿಗೆ ಅವರು ಟೇಲರ್ ಕೊಟ್ರಪ್ಪ. ಗಂಡನ ಹೆಸರು ಹಿಡಿಯದ ಅವ್ವನಿಗೆ ಬರೀ ಟೇಲರ್. ಅಂಗಡಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ರೊಟ್ಟಿ ಬಡಿದು ಮುಗಿಸಿ ಅವ್ವ ಕೂಗುತ್ತಿದ್ದಳು: "ಟೇಲರ್ರಾ, ಉಣ್ಣಾಕ ಬರ್ರಿ!" ಮಷಿನ್ ಸದ್ದು ನಿಲ್ಲುತ್ತಿತ್ತು. ಕೊರಳಲ್ಲಿ ಟೇಪು ಜೋತಾಡಿಸಿಕೊಂಡು ಅಪ್ಪ ಬಂದು ಕೂರುತ್ತಿದ್ದರು. ಆ ಊಟದ ರುಚಿ ಆಮೇಲೆ ಎಲ್ಲಿ ಸಿಕ್ಕಿದೆ ನನಗೆ?

ಹರಪನಹಳ್ಳಿಯಿಂದ ಬಂದಿದ್ದ ಚಿಕ್ಕವ್ವ ನಕ್ಕಳು. "ಕೂಸು ದೊಡ್ಡಾಕಿ ಆಗ್ಲಿ, ಜನ ರವಿಕಿ ಪೀಸ್ ಹಿಡಕಂಡು ಬರ್ತಾರ ನೋಡು!"

ತಮ್ಮ ನಗಲಿಲ್ಲ. "ಅಪ್ಪ ಹೊಲಿದು ಹೊಲಿದು ಕಣ್ಣು ಕಳಕೊಂಡ. ಅದನ್ನ ತಂದು ಕೂಸಿಗೆ ಕಟ್ಟೂದು ಬ್ಯಾಡ."

ಸುಷ್ಮಾಳ ಮುಖ ಸಣ್ಣದಾಯಿತು. ಎಲ್ಲರೂ ಅವ್ವನ ಕಡೆ ನೋಡಿದೆವು.

ಅವ್ವ ಎದ್ದು ತೊಟ್ಟಿಲ ಬಳಿ ಬಂದಳು. ಬಗ್ಗಿದಳು. "ಟೇಲರ್ರಾ..." ಎಂದಳು, ಮೆಲ್ಲಗೆ.

ಕೂಸು ಕಣ್ಣು ಬಿಟ್ಟಿತು. ಎರಡು ವರ್ಷದಿಂದ ನಾವು ಕೇಳದಿದ್ದ ಕರೆ ಅದು. ಗೋಡೆಯಾಚೆ ಮಷಿನ್ ನಿಲ್ಲುವುದನ್ನು ನನ್ನ ಕಿವಿ ಕಾಯತೊಡಗಿತು. ಅಲ್ಲಿ ಈಗ ಮಷಿನ್ನೇ ಇಲ್ಲ. ತಮ್ಮ ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟ.

"ಇದೇ ಇಡೂಣೇನವ್ವಾ?" ಎಂದೆ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಬ್ಯಾಡಬೇ. ಕೂಸು ಅಂದ ಮ್ಯಾಲೆ ಬೈಬೇಕು, ಬಾ, ಹೋಗು ಅನಬೇಕು. ಆ ಹೆಸರು ಹಿಡಿದು ನನಗ ‘ಬಾ’ ಅನ್ನಾಕ ಬರೂದಿಲ್ಲ. ಬಾಯಾಗ ‘ಬರ್ರಿ’ ಅಂತನ ಬರತೈತಿ."

ಸುಷ್ಮಾ ಅವ್ವನ ಕೈ ಹಿಡಿದುಕೊಂಡಳು. "ಹಂಗಾರ ನೀವ ಒಂದು ಹೆಸರು ಹೇಳ್ರಿ, ಅತ್ತಿ."

"ಸಿರಿ ಅನ್ರಿ. ಕರಿಯಾಕ ಸಸಾರ," ಎಂದಳು ಅವ್ವ. ಹಾಗೇ ಕೂಗಿದೆ.

ಎಲ್ಲರಿಗೂ ಒಂದೇ ‘ಯೂ’ ಹಾಕುವ ಇಂಗ್ಲಿಷಿನಲ್ಲಿ ಅವ್ವನ ಈ ಕಷ್ಟವನ್ನು ಹೇಗೆ ಹೇಳುವುದು?