ಚಲಪತಿ ಮೇಷ್ಟ್ರು ಕಟ್ಟಿದ ಬೆಟ್ಟಸಾಲು

ಚಲಪತಿ ಮೇಷ್ಟ್ರು ಶಿಡ್ಲಘಟ್ಟದ ಖಾಸಗಿ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದರು. ತಲೆ ಅರ್ಧ ಬೆಳ್ಳಗಾಗಿತ್ತು, ಕೆಲಸ ಮಾತ್ರ ಇನ್ನೂ ಟೆಂಪರವರಿ. ಎಂಬತ್ತೇಳರಲ್ಲಿ ಇನ್ಸ್‌ಪೆಕ್ಟರು ಬರುತ್ತಾರೆಂದಾಗ ಆಡಳಿತ ಮಂಡಳಿಯ ಅಧ್ಯಕ್ಷ ನರಸಿಂಹಪ್ಪನವರು, ಅಂಗಳದಲ್ಲಿ ನಂದಿ ಬೆಟ್ಟಸಾಲಿನ ಮಾದರಿ ಕಟ್ಟಿ ಸಾಹೇಬರನ್ನು ಮೆಚ್ಚಿಸಿದರೆ ಕಾಯಂ ಮಾಡುವುದಾಗಿ ಮಾತು ಕೊಟ್ಟರು.

ಮೇಷ್ಟ್ರು ತಮ್ಮ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದರು. ನಂದಿಯ ನೆತ್ತಿಗೆ ಚೊಂಬಿನಿಂದ ನೀರು ಹೊಯ್ದರೆ ಪಿನಾಕಿನಿ ಗೌರಿಬಿದನೂರಿನ ಕಡೆಗೂ, ಚಿತ್ರಾವತಿ ಬಾಗೇಪಲ್ಲಿಯತ್ತಲೂ, ಅರ್ಕಾವತಿ ತೆಂಕಲಿಗೂ ಎಳೆಯೆಳೆಯಾಗಿ ಇಳಿಯುತ್ತಿದ್ದವು. ಯಾರೂ ಇಲ್ಲದಾಗ ಅವರು ಒಬ್ಬರೇ ನೀರು ಹೊಯ್ದು ನೋಡುತ್ತ ಕೂತುಬಿಡುತ್ತಿದ್ದರು.

ಆಮೇಲೆ ದೊಡ್ಡವರು ಭೂಗೋಳ ತಿದ್ದಲು ಬಂದರು. ಅಂಬಾಜಿದುರ್ಗದ ಬುಡದಲ್ಲಿ ಹುಟ್ಟಿದ ಅಧ್ಯಕ್ಷರಿಗೆ, ತಮ್ಮ ದುರ್ಗ ನಂದಿಗಿಂತ ಕುಳ್ಳಗಿರುವುದು ಮೇಷ್ಟ್ರ ಕೈತಪ್ಪು ಅನಿಸಿತು. ಅದು ಒಂದು ಗೇಣು ಬೆಳೆಯಿತು. ಸಿಮೆಂಟು ಕೊಟ್ಟ ಕರೀಂ ಸಾಬರು ಮಾವನ ಊರಾದ ತೊಂಡೇಬಾವಿಗೆ ಇನ್ನೊಂದು ಗುಡ್ಡವನ್ನು ಬಹಳ ಸಂಕೋಚದಿಂದ ಕೇಳಿದರು. ಮಂಡಳಿಯ ಸದಸ್ಯ ಕೋನಪ್ಪನವರ ಜಂಗಮಕೋಟೆಯಲ್ಲಿ ಹೇಳಿಕೊಳ್ಳುವಂಥ ಬೆಟ್ಟವೇ ಇರಲಿಲ್ಲ. "ಇಲ್ದಿದ್ರೆ ಏನಾಯ್ತಪ್ಪ, ನಮ್ಮೂರೋರು ಸ್ಕೂಲಿಗೆ ಕೊಟ್ಟಿಲ್ವಾ?" ಎಂದರು. ಅಲ್ಲೂ ಒಂದು ಎದ್ದಿತು. ಯುಗಗಳು ಹಿಡಿಯುವ ಕೆಲಸವನ್ನು ಆಡಳಿತ ಮಂಡಳಿ ವಾರದಲ್ಲಿ ಮುಗಿಸಿತು.

ಇನ್ಸ್‌ಪೆಕ್ಟರ ಎದುರು ಅಧ್ಯಕ್ಷರೇ ನೀರು ಹೊಯ್ದರು. ನೀರು ಅತ್ತಿತ್ತ ತಡಕಾಡಿ, ದಾರಿ ಕಾಣದೆ, ಚಿಕ್ಕಬಳ್ಳಾಪುರವನ್ನು ಮುಳುಗಿಸಿ ಸುಮ್ಮನೆ ನಿಂತಿತು.

"ಏನ್ ಮೇಷ್ಟ್ರೇ, ನದಿಗಳು ಹರಿಯಲ್ವಾ?" ಎಂದು ಇನ್ಸ್‌ಪೆಕ್ಟರು ಕೇಳಿದರು.

ಯಾರ್ಯಾರ ಬೆಟ್ಟ ಅಡ್ಡ ನಿಂತಿದೆಯೆಂದು ಮೇಷ್ಟ್ರಿಗೆ ಗೊತ್ತಿತ್ತು. ಅಧ್ಯಕ್ಷರು ಅವರನ್ನೇ ನೋಡುತ್ತಿದ್ದರು.

"ನಮ್ಮ ಕಡೆ ನದಿಗಳು ಹುಟ್ತವೆ ಸಾರ್, ಅಷ್ಟೇ. ಹರಿಯೋದೆಲ್ಲ ಬೇರೆಯೋರ ಜಿಲ್ಲೇಲಿ."

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಬಯಲುಸೀಮೆಯ ಕಷ್ಟವನ್ನು ಇಷ್ಟು ಚೆನ್ನಾಗಿ ತೋರಿಸಿದ ಮಾದರಿಯನ್ನು ಇನ್ನೆಲ್ಲೂ ಕಂಡಿಲ್ಲವೆಂದು ಬರೆದು ಹೋದರು. ತಿಂಗಳೊಳಗೆ ಕಾಯಂ ಆರ್ಡರು ಬಂತು. ಮೇಷ್ಟ್ರ ಹೆಂಡತಿ ಲಕ್ಷ್ಮಿದೇವಮ್ಮ ಒಬ್ಬಟ್ಟು ಮಾಡಿದರು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪಿನಾಕಿನಿ ಎಲ್ಲಿ ಹುಟ್ಟಿ ಎತ್ತ ಹರಿಯುತ್ತದೆ ಎಂಬ ಪ್ರಶ್ನೆಯಿತ್ತು. ಎಂಟನೇ ಕ್ಲಾಸಿನ ಜಾಹಿದಾ ಅಂಗಳದಲ್ಲಿ ಕಣ್ಣಾರೆ ಕಂಡದ್ದನ್ನೇ ಬರೆದಿದ್ದಳು: ಅದು ನಂದಿಯಲ್ಲಿ ಹುಟ್ಟಿ ಅಲ್ಲೇ ನಿಲ್ಲುತ್ತದೆ. ಮೇಷ್ಟ್ರು ಪೆನ್ನು ಹಿಡಿದು ಬಹಳ ಹೊತ್ತು ಕೂತರು. ತಪ್ಪೆಂದು ಹಾಕಿದರೆ ಯಾಕೆ ಎಂದು ಅವಳು ಕೇಳುತ್ತಾಳೆ. ಪೂರ್ತಿ ಅಂಕ ಕೊಟ್ಟು, ಮುಂದಿನ ಪೇಪರನ್ನು ಎಳೆದುಕೊಂಡರು.