ಫೈರ್‌ಪ್ಲೇಸಿನ ಎಲ್ಲಮ್ಮ

ಹೋದ ಭಾನುವಾರ ನಾನು ಒಂದು ಫೈರ್‌ಪ್ಲೇಸಿಗೆ ಕೈಮುಗಿದೆ. ವಿಕ್ಟೋರಿಯಾ ರಾಣಿಯ ಕಾಲದ ಅಪ್ಪಟ ಇಂಗ್ಲಿಷ್ ಫೈರ್‌ಪ್ಲೇಸು. ಮಂಗಳಾರತಿ ತೆಗೆದುಕೊಂಡೆ, ಹಣೆಗೆ ಭಂಡಾರದ ಅರಿಸಿನ ಹಚ್ಚಿಸಿಕೊಂಡೆ, ಕೊಬ್ಬರಿ-ಸಕ್ಕರೆ ಬಾಯಿಗೆ ಹಾಕಿಕೊಂಡೆ.

ನಗಬೇಡಿ. ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ.

ಆಗಿದ್ದು ಇಷ್ಟು. ನಮ್ಮ ಪುಣೆಯ ಖಡಕಿಯಿಂದ ಸ್ವಲ್ಪ ಆಚೆ, ನದಿದಂಡೆಯಲ್ಲಿ ಒಂದು ಹಳೇ ಬಟ್ಟೆ ಗಿರಣಿ ಇತ್ತು. ಗಿರಣಿ ಮುಚ್ಚಿ ಯಾವುದೋ ಕಾಲವಾಯಿತು. ಆದರೆ ಅದನ್ನು ನಡೆಸಲು ಬಂದ ಇಂಗ್ಲಿಷ್ ಸಾಹೇಬರು ತಮಗಾಗಿ ಕಟ್ಟಿಸಿಕೊಂಡ ಬಂಗಲೆಗಳ ಸಾಲು ಇನ್ನೂ ಹಾಗೇ ಇದೆ. ಅದನ್ನು ತೋರಿಸುವ ‘ಹೆರಿಟೇಜ್ ವಾಕ್’ ಇದೆ, ಬರ್ತೀರಾ ಅಂತ ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಬಂತು. ಕೂಡಲೇ ಹೆಸರು ಕೊಟ್ಟೆ. (ಬೇರೆಯವರ ಮನೆಯೊಳಗೆ ಹೋಗಿ ಕಣ್ಣಾಡಿಸಲು ಇಷ್ಟು ಮರ್ಯಾದಸ್ಥ ಅವಕಾಶ ಇನ್ನೆಲ್ಲಿ ಸಿಗುತ್ತದೆ?)

“ಕೋಥರೂಡದಿಂದ ಅಷ್ಟು ದೂರ ಹೋಗಿ ಹಳೇ ಮನೆ ನೋಡಬೇಕಾ? ನಮ್ಮ ಬಾತ್‌ರೂಮಿನ ನಲ್ಲಿ ಸೋರೋಕೆ ಶುರುವಾಗಿ ತಿಂಗಳಾಯ್ತು, ಅದನ್ನೂ ಒಂದ್ಸಲ ನೋಡು” ಅಂದರು ಮನೆಯವರು. ಅದು ಹೆರಿಟೇಜ್ ಅಲ್ಲ ಅಂತ ಹೇಳಿ, ಕೊಡೆ ತೆಗೆದುಕೊಂಡು ಹೊರಟೆ.

ನಮ್ಮನ್ನು ಕರೆದುಕೊಂಡು ಹೋದವಳು ಕೇತಕಿ ಅನ್ನುವ ಹುಡುಗಿ. ಆರ್ಕಿಟೆಕ್ಟು. ಹಳೇ ಕಟ್ಟಡ ಕಂಡರೆ ಕಣ್ಣಲ್ಲಿ ನೀರು ತುಂಬಿಕೊಳ್ಳುವ ಪೈಕಿ. ಈ ಬಂಗಲೆಗಳನ್ನು ಹೆರಿಟೇಜ್ ಪಟ್ಟಿಗೆ ಸೇರಿಸಬೇಕು, ಅಲ್ಲಿನ ಒಂದು ಮೊಳೆಯನ್ನೂ ಯಾರೂ ಕೀಳಬಾರದು ಅನ್ನೋದು ಅವಳ ಹಟ. ಅರ್ಧ ಮರಾಠಿ, ಅರ್ಧ ಇಂಗ್ಲಿಷಿನಲ್ಲಿ “ಬಘಾ, ಬಘಾ”, ನೋಡಿ ನೋಡಿ ಅನ್ನುತ್ತ ಮುಂದೆ ಮುಂದೆ ಓಡುತ್ತಿದ್ದಳು. ನಾವು ಕುತ್ತಿಗೆ ಮೇಲೆತ್ತಿಕೊಂಡು ಹಿಂದೆ ಹಿಂದೆ.

ನೋಡುವಂಥದ್ದು ಇತ್ತು ಅನ್ನಿ. ಚೂಪು ಮಾಡು, ಮಾಡಿನ ಅಂಚಿಗೆ ಮರದಲ್ಲಿ ಕೊರೆದ ಲೇಸು. ಆಳೆತ್ತರದ ಕಿಟಕಿ, ಅದರ ತಲೆಯ ಮೇಲೆ ಕೆಂಪು-ನೀಲಿ ಗಾಜಿನ ಕಮಾನು. ಮೆಟ್ಟಿಲಿಗೆ ಬಳ್ಳಿ ಬಳ್ಳಿಯ ಕಬ್ಬಿಣದ ಕಟಾಂಜನ. ಎಲ್ಲವೂ ವಿಲಾಯತಿ. ಹಂಚು ಮಾತ್ರ ನಮ್ಮ ಮಂಗಳೂರಿನದು. ಇದನ್ನು ನಾನು ಇಡೀ ಗ್ರೂಪಿಗೆ ಎರಡೆರಡು ಸಲ ಹೇಳಿದೆ. (ಕುಂದಾಪುರದವಳು, ಹೇಳದೆ ಇರಲಾಗುತ್ತದೆಯೇ?)

ಈಗ ಅಲ್ಲಿ ಸಾಹೇಬರಿಲ್ಲ. ಸ್ಪಿನ್ನಿಂಗ್ ಮಾಸ್ಟರನ ಬಂಗಲೆಯಲ್ಲಿ ಕೋಚಿಂಗ್ ಕ್ಲಾಸು. ಎಂಜಿನಿಯರನ ಬಂಗಲೆಯ ಗೋಡೆಯಲ್ಲಿ ಅರಳಿ ಗಿಡ. ಕೊನೆಯದು, ಎಲ್ಲಕ್ಕಿಂತ ದೊಡ್ಡದು, ಮ್ಯಾನೇಜರನದು. ಸಾಹೇಬರು ಹೋದಮೇಲೆ ಅದನ್ನು ಪಾಲು ಮಾಡಿ ಗಿರಣಿಯ ಹಿರಿಯ ಕೆಲಸಗಾರರಿಗೆ ಕೊಟ್ಟರಂತೆ. ಡ್ರಾಯಿಂಗ್ ರೂಮು ಇರುವ ಪಾಲು ಸಿಕ್ಕಿದ್ದು ವಿಜಯಪುರದ ಕಡೆಯಿಂದ ಬಂದು ಗಿರಣಿ ಸೇರಿದ್ದ ಒಂದು ಕುಟುಂಬಕ್ಕೆ.

ಆ ಮನೆಯ ಬಾಗಿಲಲ್ಲಿ ನಿಂತಿದ್ದವರು ಸುನಂದಾ, ಮನೆಯ ಸೊಸೆ. ಎಲ್ಲರನ್ನೂ ಮರಾಠಿಯಲ್ಲಿ ಒಳಗೆ ಕರೆಯುತ್ತಿದ್ದರು. ನಾನು ಚಪ್ಪಲಿ ಬಿಡುತ್ತ “ಅಯ್ಯೋ ದೇವರೇ, ಎಷ್ಟು ಕೆಸರು” ಅಂದದ್ದೇ ತಡ, ಅವರ ಮುಖ ಅರಳಿತು.

“ಕನ್ನಡದವರೇನ್ರಿ ನೀವು? ಬರ್ರಿ, ಒಳಗ ಬರ್ರಿ. ಅವ್ವಾ, ನೋಡಿಲ್ಲೆ, ನಮ್ಮ ಕಡೆಯವರು ಬಂದಾರ!”

ಕುಂದಾಪುರಕ್ಕೂ ವಿಜಯಪುರಕ್ಕೂ ಎಷ್ಟು ದೂರ ಅಂತ ಯಾರು ಕೇಳುತ್ತಾರೆ? ಪುಣೆಯಲ್ಲಿ ಕನ್ನಡ ಮಾತಾಡಿದವರೆಲ್ಲ ನಮ್ಮ ಕಡೆಯವರೇ.

ಒಳಗೆ ಹೋದರೆ ಎದುರಿಗೇ ಆ ಫೈರ್‌ಪ್ಲೇಸು. ಪುಣೆಯಲ್ಲಿ! ಡಿಸೆಂಬರಿನಲ್ಲೂ ಒಂದು ಸ್ವೆಟರಿಗೆ ಮುಗಿದುಹೋಗುವ ಚಳಿಗೆ ಸಾಹೇಬ ಬೆಂಕಿಗೂಡು ಕಟ್ಟಿಸಿದ್ದ. ಕಪ್ಪು ಕಬ್ಬಿಣದ ಚೌಕಟ್ಟು, ಅದರ ಮೇಲೆಲ್ಲ ದ್ರಾಕ್ಷಿ ಗೊಂಚಲು. ಮೇಲಿನ ಕಲ್ಲಿನ ಹಲಗೆಯ ಮೇಲೆ ಟಿವಿ ರಿಮೋಟು, ಮಾತ್ರೆ ಡಬ್ಬಿ, ಮೊಬೈಲ್ ಚಾರ್ಜರು. ಕೆಳಗೆ, ಕಟ್ಟಿಗೆ ಉರಿಯಬೇಕಾದ ಜಾಗದಲ್ಲಿ, ಹಿತ್ತಾಳೆ ಮುಖದ ಎಲ್ಲಮ್ಮ. ಹಸಿರು ಸೀರೆ, ಮೂಗುತಿ, ಮುಂದೆ ದೀಪ.

ಯೋಚಿಸಿದರೆ ದೇವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಧೂಪದ ಹೊಗೆ ಮನೆಯೊಳಗೆ ಒಂಚೂರೂ ಸುಳಿಯದೆ ಚಿಮಣಿಯಲ್ಲಿ ನೇರ ಮೇಲಕ್ಕೆ ಹೋಗುತ್ತದೆ. ನನ್ನ ಫ್ಲ್ಯಾಟಿನಲ್ಲಿ ದೇವರು ಮೈಕ್ರೋವೇವಿನ ಪಕ್ಕ ಕೂತಿದ್ದಾನೆ. ಊದುಬತ್ತಿ ಹಚ್ಚಿದರೆ ಮನೆಯವರಿಗೆ ಸೀನು ಶುರು.

ಎದುರಿನ ದಿವಾನದ ಮೇಲೆ ಅವ್ವ. ಅಂದರೆ ಸುನಂದಾರ ಅತ್ತೆ. ಇಳಕಲ್ ಸೀರೆ, ಹಣೆ ತುಂಬ ಭಂಡಾರ, ಒಂದು ಮೊಣಕಾಲಿಗೆ ಸುತ್ತಿದ ಪಟ್ಟಿ. ನನಗೆ ಕೊಬ್ಬರಿ-ಸಕ್ಕರೆ ಕೊಟ್ಟವರು ಅವರೇ.

ಕೇತಕಿ ಅಷ್ಟರಲ್ಲಿ ಎಲ್ಲರನ್ನೂ ಫೈರ್‌ಪ್ಲೇಸಿನ ಪಕ್ಕದ ಸಣ್ಣ ಕೋಣೆಗೆ ಎಳೆದುಕೊಂಡು ಹೋಗಿದ್ದಳು. ಸಾಹೇಬ ಹ್ಯಾಟು, ಕೋಟು, ಬಂದೂಕು ಇಡುತ್ತಿದ್ದ ಕೋಣೆಯಂತೆ. ನೆಲದ ತುಂಬ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಚಿತ್ತಾರದ ಟೈಲ್ಸು. ಜನ ಬಗ್ಗಿ ಬಗ್ಗಿ ಫೋಟೋ ತೆಗೆಯುತ್ತಿದ್ದರು. ನಾನೂ ಮೊಬೈಲು ಎತ್ತಿದ್ದೆ. ಸುನಂದಾ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು.

“ಅಕ್ಕಾರ, ಒಂದ್ ಉಪಕಾರ ಮಾಡ್ರಿ. ಇಡೀ ಮನಿಯಾಗ ಸಂಡಾಸ ಕಟ್ಟಾಕ ಇದೊಂದ ಖೋಲಿ ಅದ. ಅವ್ವಗ ನೀವಾರ ಒಂದ್ ಮಾತ್ ಹೇಳ್ರಿ. ನಾ ಹೇಳಿ ಹೇಳಿ ಸಾಕಾಗೇದ.”

ವಿಷಯ ಹೀಗೆ. ಪಾಲಿನಲ್ಲಿ ಸಾಹೇಬನ ಡ್ರಾಯಿಂಗ್ ರೂಮು ಇವರಿಗೆ ಬಂತು, ಸಾಹೇಬನ ಬಾತ್‌ರೂಮು ಪಕ್ಕದವರಿಗೆ ಹೋಯಿತು. ಇವರ ಶೌಚಾಲಯ ಇರುವುದು ಹಿತ್ತಲಿನ ಆ ತುದಿಯಲ್ಲಿ. ಪಾಚಿಗಟ್ಟಿದ ಕಲ್ಲುಗಳ ಮೇಲೆ ಕಾಲಿಟ್ಟುಕೊಂಡು ಹೋಗಬೇಕು. ಹೋದ ಮಳೆಗಾಲದಲ್ಲಿ ಅವ್ವ ಅಲ್ಲೇ ಜಾರಿ ಬಿದ್ದು ಮೊಣಕಾಲು ಹಾಳುಮಾಡಿಕೊಂಡರು. ಈಗ ಪ್ರತಿ ಸಲವೂ ಸುನಂದಾ ಅವರನ್ನು ತಬ್ಬಿ ಹಿಡಿದು ಕರೆದೊಯ್ಯಬೇಕು, ಹೊರಗೆ ಕಾಯಬೇಕು, ಮತ್ತೆ ತಬ್ಬಿ ಹಿಡಿದು ತರಬೇಕು. ಗಂಡ ಟ್ರಕ್ ಓಡಿಸುತ್ತಾರೆ, ಮನೆಯಲ್ಲಿ ಇರುವುದೇ ಅಪರೂಪ. ಸುನಂದಾಗೂ ಖಡಕಿಯ ಒಂದು ಕ್ಯಾಂಟೀನಿನಲ್ಲಿ ಕೆಲಸ. ಅವರು ಕೆಲಸಕ್ಕೆ ಹೋದಾಗ?

ಅವ್ವ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಸೊಸೆ ಸಂಜೆ ಮನೆಗೆ ಬರುವ ತನಕ ಒಂದು ಗುಟುಕೂ ಇಲ್ಲ. ಹೀಗೇ ಮಾಡಿದರೆ ಕಿಡ್ನಿ ಹೋಗುತ್ತದೆ ಅಂತ ಡಾಕ್ಟರು ಬೈದಿದ್ದಾರೆ.

“ಇನ್ನೊಮ್ಮೆ ಬಿದ್ರ ಅವ್ವ ಏಳೂದಿಲ್ರಿ” ಅಂದರು ಸುನಂದಾ. ಕಣ್ಣು ತುಂಬಿತ್ತು. ನಾನು ಮೊಬೈಲು ಚೀಲಕ್ಕೆ ಹಾಕಿ, ಹೋಗಿ ಅವ್ವನ ಪಕ್ಕ ಕೂತೆ.

“ಅವ್ವಾ, ಆ ಚಿಕ್ಕ ಕೋಣೆಯಲ್ಲಿ...” ಅಂತ ಶುರುಮಾಡಿದ್ದೆ ಅಷ್ಟೇ.

“ಆಕಿ ಕಳಿಸಿದ್ಲೇನು?” ಅಂದರು ಅವ್ವ. “ಆ ಖೋಲಿ ಗ್ವಾಡಿಗೆ ಹತ್ತಿ ದೇವಿ ಕುಂತಾಳ. ಆಕಿ ಬಾಜೂಕ ಸಂಡಾಸ ಕಟ್ಟೂದಂತ! ನಾ ಬ್ಯಾಡ ಅನ್ನಾಕತ್ತಿಲ್ಲ, ದೇವೀನ ಬ್ಯಾಡ ಅಂದಾಳ. ಹೋದ ವರ್ಷ ಹೂ ಏರ್ಸಿ ಕೇಳೇನಿ.”

ಹೂ ಏರಿಸುವುದು ಗೊತ್ತಲ್ಲ? ದೇವರ ಎಡಕ್ಕೊಂದು ಬಲಕ್ಕೊಂದು ಒದ್ದೆ ಹೂವು ಅಂಟಿಸಿ ಅಪ್ಪಣೆ ಕೇಳುವುದು. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಎಲ್ಲಮ್ಮ ಎಡಗಡೆಯ ಹೂವು ಕೊಟ್ಟಿದ್ದಳಂತೆ. ಇನ್ನು ನನ್ನ ಮಾತು ಯಾವ ಲೆಕ್ಕ?

“ದೇವಿಯನ್ನೇ ಬೇರೆ ಕಡೆ ಕೂರಿಸಿದರೆ?” ಅಂದೆ.

“ಎಲ್ಲಿ? ಟಿವಿ ಮ್ಯಾಲೇನು?”

ಕೇತಕಿಗೆ ಕನ್ನಡ ಬಾರದಿದ್ದರೂ ವಿಷಯ ಹೊಳೆಯಿತು. ಬಂದವಳೇ ಅವ್ವನ ಎರಡೂ ಕೈ ಹಿಡಿದು, “ಆಜೀ, ನೀವೇ ಈ ಮನೆಯ ನಿಜವಾದ ರಕ್ಷಕರು” ಅಂತ ಮರಾಠಿಯಲ್ಲಿ ಹೊಗಳಿದಳು. ಆ ಟೈಲ್ಸು ಒಡೆದರೆ ಬಂಗಲೆ ಹೆರಿಟೇಜ್ ಪಟ್ಟಿಗೆ ಸೇರುವುದೇ ಕಷ್ಟವಂತೆ. ಒಬ್ಬರಿಗೆ ದೇವಿ ಮುಖ್ಯ, ಇನ್ನೊಬ್ಬಳಿಗೆ ಟೈಲ್ಸು ಮುಖ್ಯ. ಇಬ್ಬರೂ ಕೈ ಕೈ ಹಿಡಿದು ನಕ್ಕರು.

ಸುನಂದಾ ನಗಲಿಲ್ಲ. ಅವರೂ ಮರಾಠಿಯಲ್ಲೇ, ತಣ್ಣಗೆ ಹೇಳಿದರು. “ನಮ್ಮ ಅತ್ತೆಯ ಮೊಣಕಾಲೂ ಹಳೇದೇ ಮ್ಯಾಡಮ್. ಅದನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.”

ಕೇತಕಿ ಹೋಗಿ ಕಿಟಕಿಯ ಗಾಜು ನೋಡುತ್ತ ನಿಂತಳು.

ಚಹಾ ಬಂತು. ಒಗ್ಗರಣೆ ಅವಲಕ್ಕಿ ಬಂತು. ಮತ್ತೊಂದು ಸುತ್ತು ಚಹಾ ಬಂತು. ಬೆಳಿಗ್ಗೆಯಿಂದ ಸುತ್ತಿದ, ಮಳೆಯಲ್ಲಿ ನೆಂದ, ಎರಡೆರಡು ಕಪ್ ಚಹಾ ಕುಡಿದ ಮಧ್ಯವಯಸ್ಸಿನ ಜನ. ಮುಂದೇನಾಗುತ್ತದೆ? ನಾನು ಹೇಳಬೇಕೇ? ಮೊದಲು ಒಬ್ಬರು ಸುನಂದಾರ ಕಿವಿಯಲ್ಲಿ ಪಿಸುಗುಟ್ಟಿದರು. ಆಮೇಲೆ ಇನ್ನೊಬ್ಬರು. ಸ್ವಲ್ಪ ಹೊತ್ತಿನಲ್ಲಿ ಹಿತ್ತಲಿನಲ್ಲಿ ದೊಡ್ಡ ಕ್ಯೂ. ಬಣ್ಣಬಣ್ಣದ ಕೊಡೆ, ದುಬಾರಿ ಶೂಸು, ಜಿಟಿಜಿಟಿ ಮಳೆ. ಕೇತಕಿಯೂ ಕ್ಯೂನಲ್ಲಿದ್ದಳು. ಬಾಗಿಲಿಗೆ ಚಿಲಕ ಸರಿ ಇಲ್ಲ, ಒಳಗಿದ್ದವರು ಕೆಮ್ಮುತ್ತಲೇ ಇರಬೇಕು. ವಿಕ್ಟೋರಿಯಾ ಕಾಲದ ವೈಭವದ ಬಗ್ಗೆ ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ನನ್ನ ಸರದಿ ಮುಗಿಸಿ ವಾಪಸು ಹೊರಟೆ. “ಸಾವಕಾಶ ಬರ್ರಿ, ಭಾಳ ಜಾರ್ತದ” ಅಂತ ಸುನಂದಾ ಕೂಗಿದರು. ಕುಂದಾಪುರದವಳಿಗೆ ಮಳೆಯಲ್ಲಿ ನಡೆಯುವುದನ್ನು ಹೇಳಿಕೊಡುವುದೇ? ಮನಸ್ಸಿನಲ್ಲೇ ನಕ್ಕೆ. ಮರುಕ್ಷಣ ಕಾಲು ಮೇಲೆ, ನಾನು ಕೆಳಗೆ. ಕೊಡೆ ಹಾರಿ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿತು.

ಕ್ಯೂನಲ್ಲಿದ್ದವರೇ ಎತ್ತಿ ತಂದು ದಿವಾನದ ಮೇಲೆ ಕೂರಿಸಿದರು. ಅಂಥ ಪೆಟ್ಟೇನೂ ಆಗಿರಲಿಲ್ಲ, ನಾಚಿಕೆಯೇ ಜಾಸ್ತಿ ಆಗಿತ್ತು. ಆದರೆ ಅವ್ವನ ಮುಖ ಬಿಳಿಚಿಕೊಂಡಿತ್ತು. ಹತ್ತಿರ ಸರಿದು ನನ್ನ ಪಾದ ತಿಕ್ಕತೊಡಗಿದರು. ಬೇಡ ಬೇಡ ಅಂದರೂ ಬಿಡಲಿಲ್ಲ.

“ಎಲ್ಲಿ ಪೆಟ್ಟಾತ ಯವ್ವಾ? ನಾ ಬಿದ್ದಾಗ ನನ್ನ ಹಣೇಬಾರ ಅಂತ ಬಿಟ್ಟೆ. ಮನಿಗೆ ಬಂದ ಹೆಣ್ಣಮಗಳು ನಮ್ಮ ಹಿತ್ತಲದಾಗ ಬಿದ್ಲು ಅಂದ್ರ ಮಂದಿಗೆ ಹೆಂಗ ಮಾರಿ ತೋರ್ಸ್ಲಿ?”

ನನ್ನ ಪಾದ ಬಿಟ್ಟು ಸೊಸೆಯನ್ನು ಕರೆದರು.

“ಸುನಂದಾ, ಹೂ ತಗೊಂಬಾ. ದೇವೀನ ಇನ್ನೊಮ್ಮೆ ಕೇಳೂಣು.”

“ಕೌಲ?” ಅಂದಳು ಕೇತಕಿ ಮೆಲ್ಲಗೆ. ಅವಳ ಅಜ್ಜಿಯ ಊರಿನ ದೇವಸ್ಥಾನದಲ್ಲೂ ಹೀಗೇ ಅಪ್ಪಣೆ ಕೇಳುತ್ತಾರಂತೆ. ಎಲ್ಲರೂ ಬಂದು ಫೈರ್‌ಪ್ಲೇಸಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಸುನಂದಾ ಸೇವಂತಿಗೆಯ ಎಸಳುಗಳನ್ನು ನೀರಿನಲ್ಲಿ ಅದ್ದಿ, ಎಲ್ಲಮ್ಮನ ಎಡಕ್ಕೊಂದು ಬಲಕ್ಕೊಂದು ಅಂಟಿಸಿದರು. ಈ ಸಲವೂ ಎಡಗಡೆಯದೇ ಬಿದ್ದರೆ ಮುಗಿಯಿತು. ಆ ಮಾತನ್ನು ಮತ್ತೆ ಆ ಮನೆಯಲ್ಲಿ ಎತ್ತುವಂತಿಲ್ಲ.

ಅವ್ವ ಕೈಮುಗಿದು ಕಣ್ಣು ಮುಚ್ಚಿದರು. ಮತ್ತೆ ಒಂದು ಕಣ್ಣು ತೆರೆದರು.

“ಸುನಂದಾ, ಹಿಂದಿನ ಬಾಗಲಾ ಹಾಕು. ಮುಂದಿನ ಬಾಗಲಾ ಪೂರಾ ತೆಗಿ. ಇಷ್ಟ್ ಮಂದಿ ಕುಂತಾರ, ಧಗಿ ಆಗ್ತದ.”

ಧಗೆ? ಹೊರಗೆ ಮಳೆ ಬೀಳುತ್ತಿತ್ತು. ಒದ್ದೆ ಬಟ್ಟೆಯಲ್ಲಿ ನಾನು ಗಡಗಡ ನಡುಗುತ್ತಿದ್ದೆ.

ಸುನಂದಾ ಅತ್ತೆಯ ಮುಖವನ್ನು ಒಮ್ಮೆ ನೋಡಿದರು. ಎದ್ದು ಹೋಗಿ ಹಿಂದಿನ ಬಾಗಿಲು ಹಾಕಿದರು, ಮುಂದಿನದನ್ನು ತೆಗೆದರು. ನದಿಯ ಕಡೆಯಿಂದ ಗಾಳಿ ನುಗ್ಗಿತು. ದೀಪ ಒಂದು ಕಡೆ ವಾಲಿತು. ಚಿಮಣಿಯೊಳಗೆ ಗುಂಯ್ ಅಂತ ಸದ್ದಾಯಿತು. ಎಲ್ಲಮ್ಮನ ಬಲಗಡೆಯ ಎಸಳು ಅಲುಗಿತು, ಇನ್ನಷ್ಟು ಅಲುಗಿತು, ಕೆಳಗೆ ಬಿತ್ತು.

“ಉಧೋ ಉಧೋ!” ಅಂತ ದೇವಿಗೆ ಜೈಕಾರ ಹಾಕಿದರು ಅವ್ವ. ಗ್ರೂಪಿನವರೆಲ್ಲ ಚಪ್ಪಾಳೆ ತಟ್ಟಿದರು. (ದೇವಿಗೆ ಚಪ್ಪಾಳೆ ತಟ್ಟಬಹುದೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ.) ಸುನಂದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟರು. ನನಗೂ ತಡೆಯಲಾಗಲಿಲ್ಲ.

ಕೇತಕಿ ಎದ್ದು ಸಣ್ಣ ಕೋಣೆಗೆ ಹೋದಳು. ಬ್ಯಾಗಿನಿಂದ ಟೇಪು ತೆಗೆದು ನೆಲ ಅಳೆಯತೊಡಗಿದಳು. ಹಿತ್ತಲಿಗೆ ಹೋಗಿಬಂದ ಮೇಲೆ ಹುಡುಗಿಯ ಮಾತಿನ ಧಾಟಿಯೇ ಬೇರೆಯಾಗಿತ್ತು. ಟೈಲ್ಸು ಒಡೆಯದೆ ಒಂದೊಂದನ್ನೇ ಎಬ್ಬಿಸಿ ತೆಗೆದಿಡಬಹುದಂತೆ, ಪೈಪು ಹೊರಗಿನ ಗೋಡೆಯಿಂದ ಇಳಿಸಬಹುದಂತೆ. “ನಕಾಶೆ ನಾನೇ ಮಾಡಿಕೊಡ್ತೀನಿ. ಆದರೆ ನಾನೊಬ್ಬಳು ಒಪ್ಪಿದರೆ ಸಾಲದು, ಬಂಗಲೆಗಳ ವಿಷಯ ಈಗ ಹೆರಿಟೇಜ್ ಪಟ್ಟಿ ಮಾಡುವ ಸಮಿತಿಯ ಮುಂದಿದೆ, ಅವರೂ ಒಪ್ಪುವ ತನಕ ಏನನ್ನೂ ಕೀಳುವಂತಿಲ್ಲ” ಅಂದಳು.

ಗೇಟಿನ ತನಕ ಕಳಿಸಲು ಬಂದ ಸುನಂದಾರನ್ನು ಕೇಳದೆ ಇರಲಾಗಲಿಲ್ಲ. “ಆ ಬಾಗಿಲಿನ ವಿಷಯ ಏನು?”

ಅವರು ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದರು. “ಮುಂದಿನ ಬಾಗಲಾ ತೆಗೆದ್ರ ಗಾಳಿಗೆ ಬಲಗಡಿ ಹೂ ಬೀಳ್ತದ್ರಿ. ಹಿಂದಿನ ಬಾಗಲಾ ತೆಗೆದ್ರ ಎಡಗಡೀದು. ಸಾಹೇಬ ಚಿಮಣಿ ಹಂಗ ಕಟ್ಸ್ಯಾನ.”

“ಅವ್ವನಿಗೆ ಗೊತ್ತಾ?”

“ಗೊತ್ತಿಲ್ಲೇನ್ರಿ! ನನಗ ಹೇಳಿಕೊಟ್ಟಾಕೀನ ಆಕಿ. ಹೋದ ವರ್ಷ ಕೇಳೂವಾಗ ಹಿಂದಿನ ಬಾಗಲಾ ತೆಗಿಸಿದ್ಲು. ತನ್ನ ಸಲುವಾಗಿ ಮನಿ ಒಡಿಯೂದು ಆಕೀಗೆ ಬ್ಯಾಡಾಗಿತ್ರಿ. ಇವತ್ತ ಯಾವ ಬಾಗಲಾ ಅಂತಾಳೋ ಅಂತ ನನ್ನ ಜೀವ ಕೈಯಾಗಿತ್ತು.”

ಮನೆಗೆ ಬರುವ ಬಸ್ಸಿನಲ್ಲಿ ಸೊಂಟ ಹಿಡಿದುಕೊಂಡು ಯೋಚಿಸಿದೆ. ಇದರಲ್ಲಿ ಮೋಸ ಏನಾದರೂ ಇದೆಯೇ? ನಾವೆಲ್ಲ ಮಾಡುವುದು ಇದನ್ನೇ ಅಲ್ಲವೇ? ಹುಡುಗ ಹಿಡಿಸಿದರೆ ಜಾತಕ ಕೂಡುವ ಜೋಯಿಸರನ್ನು ಹುಡುಕುತ್ತೇವೆ. ಫ್ಲ್ಯಾಟು ಹಿಡಿಸಿದರೆ ನೈಋತ್ಯದ ಬಾಗಿಲಿಗೂ ಪರಿಹಾರ ಹೇಳುವ ವಾಸ್ತುವಿನವರು ಸಿಗುತ್ತಾರೆ. ಅವ್ವ ದೇವಿಯನ್ನೂ ಕದಲಿಸಲಿಲ್ಲ, ತಮ್ಮ ಮಾತನ್ನೂ ಬಿಟ್ಟುಕೊಡಲಿಲ್ಲ, ಸೊಸೆಯ ಕಷ್ಟವನ್ನೂ ಕಳೆದರು. ಹಳೇ ಮನೆಯಲ್ಲಿ ಬಾಳುವುದು ಅಂದರೆ ಇದೇ ಇರಬೇಕು. ಟೈಲ್ಸಿನ ಫೋಟೋ ತೆಗೆದುಕೊಂಡು ಬರುವ ನಮಗೆ ಅದು ಎಲ್ಲಿ ಗೊತ್ತಾಗುತ್ತದೆ?

ಕೇತಕಿ ಮಾತಿಗೆ ತಪ್ಪಲಿಲ್ಲ. ಮೊನ್ನೆಯೇ ನಕಾಶೆ ಸಮೇತ ಸಮಿತಿಗೆ ಅರ್ಜಿ ಕೊಟ್ಟಳು. “ನೋಡೋಣ” ಅಂದಿದ್ದಾರಂತೆ. ದೇವಿ ಒಪ್ಪಿ ಆಯಿತು, ಅವ್ವ ಒಪ್ಪಿ ಆಯಿತು. ಆದರೂ ಅವ್ವ ಈಗಲೂ ಹಗಲೆಲ್ಲ ನೀರು ಕುಡಿಯದೆ ಸೊಸೆಯ ದಾರಿ ಕಾಯುತ್ತ ಕೂತಿದ್ದಾರೆ.

ಅಂದಹಾಗೆ, ಆ ಸಮಿತಿಯ ಆಫೀಸಿನಲ್ಲಿ ಯಾವ ಬಾಗಿಲು ತೆಗೆದರೆ ಬಲಗಡೆಯ ಹೂವು ಬೀಳುತ್ತದೆ, ನಿಮ್ಮಲ್ಲಿ ಯಾರಿಗಾದರೂ ಗೊತ್ತಾ?